ನೈಟ್ರೋಜನ್ ತೆರವು ನೋಟೀಸು

ಸೈಕಲ್ ಟ್ಯೂಬಿನಿಂದ ಹೊರಬರುವ ಗಾಳಿಗೆ ಒಂದು ವಾಸನೆ ಇರುತ್ತದೆ. ಗದಗಿನಲ್ಲಿ ಸ್ಟೇಶನ್ನಿಗೆ ಹೋಗುವ ದಾರಿಯಲ್ಲಿ ನಮ್ಮ ಅಪ್ಪನ ಸೈಕಲ್ ಅಂಗಡಿ ಇತ್ತು. ಪಂಕ್ಚರಾಗಿ ಬಂದ ಗಾಲಿಯ ವಾಲ್ವ್ ಬಿಚ್ಚಿದಾಗ ಉಸ್ಸೆಂದು ಬರುತ್ತಿದ್ದ ಆ ಗಾಳಿಗೆ ನಾನು ಮುಖ ಒಡ್ಡಿ ನಿಲ್ಲುತ್ತಿದ್ದೆ. ಹಳೆಯ ರಬ್ಬರು, ಬಿಳಿ ಪೌಡರು, ಒಂದಿಷ್ಟು ಮುಗ್ಗಲು. ಗಾಳಿಯ ವಾಸನೆ ಎಂದರೆ ಅದೇ ಎಂದು ಹನ್ನೊಂದನೇ ವರ್ಷದವರೆಗೂ ನಂಬಿದ್ದೆ. ಆಮೇಲೆ ಶಾಲೆಯಲ್ಲಿ ಗಾಳಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ ಎಂದು ಬರೆಸಿದರು. ನನಗೆ ಪೂರ್ತಿ ನಂಬಿಕೆ ಬರಲಿಲ್ಲ. ನಂಬಿಕೆ ಬರಲಿ ಎಂದೇ ಇರಬೇಕು, ರಸಾಯನಶಾಸ್ತ್ರ ಓದಿದೆ. ಧಾರವಾಡದಲ್ಲಿ ಎಂ.ಎಸ್ಸಿ. ಆಯಿತು, ಮದುವೆಯಾಗಿ ಮುಂಬಯಿಗೆ ಬಂದೆ, ಅಂಧೇರಿಯ ಕಾಲೇಜೊಂದರಲ್ಲಿ ಮೂವತ್ತೆರಡು ವರ್ಷ ಪಾಠ ಹೇಳಿದೆ. ಪ್ರತಿ ಜೂನ್ ತಿಂಗಳಲ್ಲೂ ಹೊಸ ಮಕ್ಕಳಿಗೆ ಗಾಳಿಯಲ್ಲಿ ಏನೇನಿದೆ ಎಂದು ಕಲಿಸಿದೆ. ಅದನ್ನು ತಿಳಿದುಕೊಂಡದ್ದರಿಂದ ಒಬ್ಬ ಮನುಷ್ಯನ ಮನೆ ಹೋಗಬಹುದು ಎಂದು ಮಾತ್ರ ಎಣಿಸಿರಲಿಲ್ಲ.

ನಾನಿರುವುದು ಕಾಂದಿವಲಿಯಲ್ಲಿ, ಸುಖನಿವಾಸ ಎಂಬ ನಾಲ್ಕು ಮಹಡಿಯ ಸೊಸೈಟಿಯ ನೆಲಮಹಡಿಯಲ್ಲಿ. ನಮ್ಮ ಹಿಂದೆ ಇಂಡಸ್ಟ್ರಿಯಲ್ ಎಸ್ಟೇಟು, ಮುಂದೆ ಅಗೆದಿಟ್ಟ ರಸ್ತೆ, ಎರಡೂ ಪಕ್ಕ ಕೆಡವಿ ಕಟ್ಟುತ್ತಿರುವ ಬಿಲ್ಡಿಂಗುಗಳು. ಈ ಜನವರಿಯಲ್ಲಿ ಧೂಳು ಎಷ್ಟಾಯಿತೆಂದರೆ ಮೇಲಿನ ಮಹಡಿಯವರಿಗೆ ಕೆಳಗಿನ ತುಳಸಿಕಟ್ಟೆ ಕಾಣುವುದು ನಿಂತಿತು. ಎಲ್ಲರೂ ಕೆಮ್ಮುವವರೇ. ಕೊನೆಗೆ ಚೇರ್ಮನ್ ಧನರಾಜ್ ಅವರು ಗಾಳಿಯನ್ನು ಪರೀಕ್ಷೆ ಮಾಡಿಸಲು ಒಂದು ಕಂಪನಿಯಿಂದ ಜನ ಕರೆಸಿದರು. ವಿಜಯಪುರದ ಕಡೆಯ ಅಲ್ತಮಶ ಎಂಬ ತರುಣ ಟಿಫಿನ್ ಡಬ್ಬಿಯಷ್ಟು ದೊಡ್ಡ ಮಶಿನ್ ತಂದು, ಅದರ ಕೊಳವೆಯನ್ನು ಕಾಂಪೌಂಡಿನ ಗಾಳಿಗೆ ಹಿಡಿದು, ಚೀಟಿ ಹರಿದುಕೊಟ್ಟು ಹೋದ. ಧೂಳಿನ ಲೆಕ್ಕ ಚೀಟಿಯ ಕೊನೆಯಲ್ಲಿತ್ತು. ಧನರಾಜ್ ಅಲ್ಲಿಯವರೆಗೆ ಓದಲೇ ಇಲ್ಲ. ಮೊದಲ ಸಾಲಿಗೇ ಅವರ ರಕ್ತ ಕುದಿಯಿತು. ನೈಟ್ರೋಜನ್ ಶೇಕಡಾ ಎಪ್ಪತ್ತೆಂಟು, ಆಕ್ಸಿಜನ್ ಇಪ್ಪತ್ತೊಂದು.

ಧನರಾಜ್ ಕೆಟ್ಟವರಲ್ಲ. ಕಾರ್ಕಳದ ಕಡೆಯವರು. ಹದಿನಾಲ್ಕನೇ ವಯಸ್ಸಿಗೆ ಮುಂಬಯಿಗೆ ಬಂದು, ಹೋಟೆಲಿನಲ್ಲಿ ಲೋಟ ತೊಳೆದು, ಮುಂದೆ ತಮ್ಮದೇ ಹೋಟೆಲು ಮಾಡಿದವರು. ನಲವತ್ತು ವರ್ಷ ಪ್ರತಿ ಬೆಳಿಗ್ಗೆ ಹಾಲಿನ ಕ್ಯಾನಿಗೆ ಲ್ಯಾಕ್ಟೋಮೀಟರ್ ಇಳಿಸಿ ನೋಡಿದ ಕಣ್ಣು ಅವರದು. ಯಾವುದೇ ಪದಾರ್ಥದಲ್ಲಿ ಮುಕ್ಕಾಲು ಪಾಲು ಇನ್ನೇನೋ ಇದೆ ಎಂದರೆ ಅವರಿಗೆ ಅದಕ್ಕೆ ಒಂದೇ ಅರ್ಥ. ಯಾರೋ ಬೆರೆಸಿದ್ದಾರೆ.

ಯಾರು ಎಂಬುದನ್ನೂ ಅವರು ಆ ದಿನವೇ ಕಂಡುಹಿಡಿದರು. ನಮ್ಮ ಸೊಸೈಟಿಗೆ ಏನು ಬಂದರೂ ಗೇಟಿನಲ್ಲಿ ರಿಜಿಸ್ಟರಿಗೆ ಬರೆದೇ ಒಳಬರಬೇಕು. ಕೊರಿಯರಿನವನು, ಗ್ಯಾಸ್ ಸಿಲಿಂಡರು, ಬೀಗರು, ಎಲ್ಲರೂ. ಹೆಸರು, ಎಲ್ಲಿಂದ, ಯಾರನ್ನು ನೋಡಲು, ಒಳಬಂದ ಹೊತ್ತು, ಹೊರಹೋದ ಹೊತ್ತು, ಮೊಬೈಲ್ ನಂಬರು. ರಿಜಿಸ್ಟರನ್ನು ಆರು ತಿಂಗಳ ಹಿಂದಿನವರೆಗೆ ತಿರುವಿದರೂ ನೈಟ್ರೋಜನ್ನಿನ ಒಂದೂ ನಮೂದು ಇರಲಿಲ್ಲ. ಎಪ್ಪತ್ತೆಂಟು ಪಾಲು ಮಾಲು ಎಂಟ್ರಿ ಇಲ್ಲದೆ ಒಳಬಂದು ಕೂತಿದೆ ಎಂದಮೇಲೆ ವಾಚ್‌ಮನ್ ಏನು ಮಾಡುತ್ತಿದ್ದ?

ವಾಚ್‌ಮನ್ ಸಾಯಬಣ್ಣ ಮರುದಿನ ನನ್ನ ಬಾಗಿಲಿಗೆ ಬಂದ. ದಿನಾ ನನ್ನ ಪೇಪರು ಇಬ್ಬನಿಯಲ್ಲಿ ನೆನೆಯದಂತೆ ಬಾಗಿಲ ಹಿಡಿಕೆಗೆ ಸಿಕ್ಕಿಸಿ ಹೋಗುವವನು ಅವನು, ನಾನು ಹೇಳಿ ಅಲ್ಲ. ಆ ಬೆಳಿಗ್ಗೆ ಪೇಪರಿನ ಜೊತೆ ಇನ್ನೊಂದು ಕಾಗದವೂ ಕೈಯಲ್ಲಿತ್ತು.

"ಅಕ್ಕೋರೆ, ಇದು ಇಂಗ್ಲಿಷಿನಾಗ ಅದ. ಏನ್ ಬರದಾರ ಸ್ವಲ್ಪ ನೋಡ್ರಿ."

ಓದಿದೆ. ಸೊಸೈಟಿಯ ವಾತಾವರಣದಲ್ಲಿ ನೈಟ್ರೋಜನ್ ಎಂಬ ಅನುಪಯುಕ್ತ ವಸ್ತು ಅನುಮತಿಯಿಲ್ಲದೆ ಸೇರಿರುವುದು ಕಂಡುಬಂದಿದೆ. ವಾಚ್‌ಮನ್ ಅದನ್ನು ಎಂಟು ದಿನದೊಳಗೆ ಹೊರಹಾಕತಕ್ಕದ್ದು. ತಪ್ಪಿದಲ್ಲಿ ಮುಂದಿನ ಭಾನುವಾರದ ಸಭೆಯ ನಂತರ ಕೆಲಸವನ್ನೂ ನೀರಿನ ಪಂಪಿನ ಪಕ್ಕದ ವಾಸದ ಖೋಲಿಯನ್ನೂ ಬಿಡತಕ್ಕದ್ದು.

ಹೇಳಿದೆ. ಅವನು ಪಂಪಿನ ಕಡೆ ತಿರುಗಿ ನೋಡಿದ. ಆ ಖೋಲಿಯಲ್ಲಿ ಅವನೂ ಹೆಂಡತಿ ಮಹಾದೇವಿಯೂ ಹದಿನೇಳು ವರ್ಷದಿಂದ ಇದ್ದಾರೆ. ಮಗಳು ಲಾವಣ್ಯಾ ಅಲ್ಲೇ ಹುಟ್ಟಿದಳು. ಎರಡು ತಿಂಗಳು ಕಳೆದರೆ ಅವಳ ಹತ್ತನೇ ತರಗತಿ ಪರೀಕ್ಷೆ.

"ನೋಡ್ಲಿಕ್ಕೆ ಹೆಂಗಿರ್ತದ್ರಿ ಅದು?" ಅಂದ.

"ಕಾಣಂಗಿಲ್ಲ ಸಾಯಬಣ್ಣ. ಬಣ್ಣ ಇಲ್ಲ, ವಾಸನಿ ಇಲ್ಲ."

"ಸಪ್ಪಳರೆ ಮಾಡ್ತದೇನ್ರಿ?"

"ಇಲ್ಲ."

"ಹಂಗಾರ ಗೇಟಿನಾಗ ನಾ ಹೆಂಗ ಹಿಡೀಲ್ರಿ ಅಕ್ಕೋರೆ?" ಎಂದವನು ಮತ್ತೆ ತಡೆದು, "ಕಳ್ಳತನ ಗಿಳ್ಳತನ ಮಾಡೂದಿಲ್ಲಲ್ಲ?" ಎಂದು ಕೇಳಿದ.

"ಯಾರ ತಂಟೆಗೂ ಹೋಗೂದಿಲ್ಲ. ನಮ್ಮ ಮೂಗಿನಾಗ ಹೋಗತದ, ಹಂಗ ಹೊರಗ ಬರತದ."

"ಪಾಪ," ಎಂದ ಸಾಯಬಣ್ಣ.

ಅವತ್ತೇ ನಾನು ಮೂರನೇ ಮಹಡಿ ಹತ್ತಿದೆ. ಧನರಾಜ್ ಅವರ ಹೆಂಡತಿ ನನ್ನ ಮೊಣಕಾಲು ನೋಡಿ ಕೂರಲು ಎತ್ತರದ ಕುರ್ಚಿಯನ್ನೇ ತಂದಿಟ್ಟರು. ನಾನು ಉಪನ್ಯಾಸ ಕೊಟ್ಟೆ. ಭೂಮಿಯ ಮೇಲೆ ಎಲ್ಲಿ ಹೋದರೂ ಗಾಳಿ ಇದೇ ಪ್ರಮಾಣದಲ್ಲಿರುತ್ತದೆ ಎಂದೆ. ನೈಟ್ರೋಜನ್ ಇರುವುದರಿಂದಲೇ ಬೆಂಕಿ ಹತೋಟಿಯಲ್ಲಿದೆ, ಬರೀ ಆಕ್ಸಿಜನ್ನೇ ಆಗಿದ್ದರೆ ಒಂದು ಕಡ್ಡಿ ಗೀರಿದರೆ ಅಡುಗೆಮನೆಯೇ ಹೊತ್ತಿಕೊಳ್ಳುತ್ತಿತ್ತು ಎಂದೆ. ಅವರು ಗೌರವದಿಂದ ಕೇಳಿದರು.

"ಟೀಚರ್, ನೀವು ಓದಿದವರು, ನೀವು ಹೇಳುದು ಸರಿಯೇ ಇರ್ಬಹುದು. ಆದ್ರೆ ನಂಗೆ ಹಾಲು ಹಾಕ್ತಿದ್ದವನೂ ಇದನ್ನೇ ಹೇಳ್ತಿದ್ದ ಮಾರಾಯ್ರೆ. ನೀರು ಹಾಕದಿದ್ರೆ ಗಿರಾಕಿಗೆ ಹಾಲು ಜೀರ್ಣ ಆಗುದಿಲ್ಲ ಸೇಟೂ, ನಿಮ್ಮ ಒಳ್ಳೇದಕ್ಕೇ ಹಾಕುದು ಅಂತ. ಅವನ ಮಾತು ಕೇಳಿದ್ರೆ ನಾನು ಇವತ್ತು ಎಲ್ಲಿರ್ತಿದ್ದೆ?"

"ಪಕ್ಕದ ಸೊಸೈಟಿಯ ಗಾಳಿಯೂ ಹೀಗೇ ಇದೆ, ಬೇಕಾದರೆ ನೋಡಿಸಿ."

"ನೋಡಿಸಿದೆ. ಅಲ್ಲಿಯೂ ಎಪ್ಪತ್ತೆಂಟು. ಅವರ ವಾಚ್‌ಮನ್ ಯಾರು ಗೊತ್ತುಂಟಾ? ಇವನ ಊರಿನವನೇ!"

ಮೊಣಕಾಲು ಹಿಡಿದುಕೊಂಡು ಕೆಳಗಿಳಿದು ಬಂದೆ.

ಮುಂದಿನ ದಿನಗಳಲ್ಲಿ ಸಾಯಬಣ್ಣ ಪಟ್ಟ ಕಷ್ಟ ನೋಡಲಾಗುತ್ತಿರಲಿಲ್ಲ. ಬೆಳಿಗ್ಗೆ ಐದಕ್ಕೆ ಗೇಟು ಪೂರ್ತಿ ತೆರೆದು, ಗೋಣಿಚೀಲವನ್ನು ಎರಡೂ ಕೈಯಲ್ಲಿ ಹಿಡಿದು, ಕಾಂಪೌಂಡಿನ ಹಿಂದಿನ ಗೋಡೆಯಿಂದ ಗೇಟಿನವರೆಗೂ ಗಾಳಿಯನ್ನು ಬೀಸಿಕೊಂಡು ಬರುತ್ತಿದ್ದ. ದನ ಹೊಡೆದುಕೊಂಡು ಬರುವವರ ಹಾಗೆ, ಬಾಯಿಂದ "ಹೈ, ಹೈ" ಎನ್ನುತ್ತ. ಗೇಟಿನ ಹೊರಗೆ ದೂಡಿದಮೇಲೆ ತಟ್ಟನೆ ಬಾಗಿಲು ಹಾಕುತ್ತಿದ್ದ. ರಿಜಿಸ್ಟರನ್ನೂ ಸರಿಮಾಡಿದ. ಹೆಸರು: ನೈಟ್ರೋಜನ್. ಎಲ್ಲಿಂದ: ಗೊತ್ತಿಲ್ಲ. ಯಾರನ್ನು ನೋಡಲು: ಎಲ್ಲರನ್ನೂ. ಹೊರಹೋದ ಹೊತ್ತು ಎಂಬಲ್ಲಿ ಬೆಳಿಗ್ಗೆ ಐದೂ ಹತ್ತು. ಅದರ ಮುಂದೆ ಮೊಬೈಲ್ ನಂಬರಿನ ಜಾಗ ಖಾಲಿ ಬಿಟ್ಟದ್ದಕ್ಕೆ ಕಮಿಟಿಯವರು ಆಕ್ಷೇಪಿಸಿದರು.

ತಪ್ಪು ನನ್ನದೂ ಇದೆ. ಅವನಿಗೆ ಸಮಾಧಾನವಾಗಲಿ ಎಂದು ಒಂದು ದಿನ ಹೇಳಿದೆ, "ನೈಟ್ರೋಜನ್ನ ಹಿಡಿಯಾವ್ರು ನಿಮ್ಮೂರಾಗೇ ಅದಾರ ಸಾಯಬಣ್ಣ. ತೊಗರಿ ಗಿಡ ಕಿತ್ತಾಗ ಬೇರಿನಾಗ ಗಂಟು ಗಂಟು ಇರತಾವಲ್ಲ? ಆ ಗಂಟಿನಾಗ ಸಣ್ಣ ಜೀವ ಇರತಾವ. ಗಾಳಿಯಾಗಿನ ನೈಟ್ರೋಜನ್ನ ಹಿಡದು ಮಣ್ಣಿಗೆ ಗೊಬ್ಬರ ಮಾಡಿ ಕೊಡತಾವ."

ಅವನು ಆಳಂದ ತಾಲೂಕಿನವನು, ತೊಗರಿಯ ಸೀಮೆಯಲ್ಲಿ ಹುಟ್ಟಿದವನು. ಮುಖ ಅರಳಿತು. "ಖರೇನ್ರಿ? ಇಷ್ಟು ದಿನ ಅದು ನಮ್ಮ ಹೊಲದಾಗ ಚಾಕರಿ ಮಾಡ್ಯದ, ನನಗ ಹೆಸರೇ ಗೊತ್ತಿರಲಿಲ್ಲ ನೋಡ್ರಿ!"

ಸಂಜೆಯೊಳಗೆ ಗೇಟಿನ ಎರಡೂ ಬದಿಗೆ ಒಡೆದ ಬಕೆಟ್ಟು, ಪೇಂಟಿನ ಡಬ್ಬಿ, ಎರಡನೇ ಮಹಡಿಯ ಗಂಗುಬಾಯಿ ಕೊಟ್ಟ ಹಳೆಯ ಬೋಗುಣಿ, ಎಲ್ಲದರಲ್ಲೂ ಮಣ್ಣು ತುಂಬಿ ತೊಗರಿ ಬಿತ್ತಿದ. ನೀರು ಹಾಕುತ್ತಾ ಅವುಗಳ ಮುಂದೆ ಕುಕ್ಕರುಗಾಲಲ್ಲಿ ಕೂತು, "ಲಗೂ ಲಗೂ ಮಾಡ್ರಪ, ಭಾನುವಾರ ಬಂತು," ಎಂದು ಹೇಳುತ್ತಿದ್ದುದನ್ನು ನಾನೇ ಕೇಳಿದ್ದೇನೆ. ಶುಕ್ರವಾರದ ಹೊತ್ತಿಗೆ ಮೊಳಕೆ ಬೆರಳಿನ ಗೆಣ್ಣಿನಷ್ಟು ಎದ್ದಿತ್ತು. ಗಂಟು ಕಟ್ಟಲು ಅದಕ್ಕೆ ಇನ್ನೂ ವಾರಗಟ್ಟಲೆ ಬೇಕು ಎಂದು ಹೇಳುವ ಧೈರ್ಯ ನನಗಾಗಲಿಲ್ಲ.

ಇದಕ್ಕಿಂತ ಮೊದಲು, ಸಂಕ್ರಾಂತಿಯ ಹಿಂದಿನ ದಿನ, ಇನ್ನೊಂದು ಉಪಾಯ ಹೊಳೆದಿತ್ತು. ಧನರಾಜ್ ಹಬ್ಬಕ್ಕೆ ಊರಿಗೆ ಹೊರಟಿದ್ದರು. ಟ್ಯಾಕ್ಸಿಗೆ ಕಾಯುತ್ತಾ ಗೇಟಿನಲ್ಲಿ ನಿಂತು, "ನಮ್ಮೂರ ಗಾಳಿ ಒಂದು ಸಲ ಎಳೆದ್ರೆ ಸಾಕು ಟೀಚರ್, ಹಸಿವೆ ಆಗ್ತದೆ. ಅದು ಗಾಳಿ! ಪ್ಯೂರ್!" ಎಂದರು.

"ಹಾಗಾದರೆ ಒಂದಿಷ್ಟು ತನ್ನಿ. ಹೋಲಿಸಿ ನೋಡೋಣ," ಎಂದೆ.

ಊರಿಗೆ ಹೋದ ಮುಂಬಯಿಯವರು ಬರಿಗೈಯಲ್ಲಿ ಬರುವುದಿಲ್ಲ. ಹಪ್ಪಳ, ಉಪ್ಪಿನಕಾಯಿ, ಶೇಂಗಾ ಚಟ್ನಿ, ಕುಚ್ಚಲಕ್ಕಿ, ಅವ್ವನ ಕೈಯ ರೊಟ್ಟಿ, ಏನಾದರೂ ತಂದು ಅಕ್ಕಪಕ್ಕದವರಿಗೆ ಹಂಚಿ, ನಮ್ಮೂರಿನದು ಬೇರೆಯೇ ಎನ್ನದಿದ್ದರೆ ಹೋಗಿಬಂದದ್ದೇ ವ್ಯರ್ಥ. ಸುದ್ದಿ ಮಹಡಿಯಿಂದ ಮಹಡಿಗೆ ಏರಿತು. ಹಬ್ಬಕ್ಕೆ ಊರಿಗೆ ಹೋದ ಹನ್ನೊಂದು ಮನೆಯವರು ಗಾಳಿ ತರುವುದೆಂದು ನಿಶ್ಚಯಿಸಿದರು. ಶನಿವಾರ ಒಬ್ಬೊಬ್ಬರೇ ಬಂದಿಳಿದರು, ಬ್ಯಾಗಿನ ನಡುವೆ ಟವೆಲು ಸುತ್ತಿ ಜೋಪಾನ ಮಾಡಿದ ಖಾಲಿ ಬಾಟಲಿಗಳೊಂದಿಗೆ. ಒಬ್ಬರ ತಾಯಿ ಕೆಡದಿರಲೆಂದು ಒಳಗೆ ನಿಂಬೆ ಎಲೆ ಹಾಕಿದ್ದರು. ಇನ್ನೊಬ್ಬರ ಅತ್ತಿಗೆ ಎರಡು ಬಾಟಲಿ ಕೊಟ್ಟಿದ್ದರು, ಒಂದು ಪರೀಕ್ಷೆಗೆ, ಒಂದು ಮಕ್ಕಳಿಗೆ. ಧನರಾಜ್ ಸ್ಟೀಲಿನ ಡಬ್ಬಿಯನ್ನು ದೈವದ ಗುಡಿಯ ಅಂಗಳದಲ್ಲಿ ಐದು ನಿಮಿಷ ಎತ್ತಿ ಹಿಡಿದು, ಮುಚ್ಚಳ ಬಿಗಿದು, ಬಾಯಿಗೆ ಮೈದಾ ಹಿಟ್ಟು ಮೆತ್ತಿ ತಂದಿದ್ದರು. ಬಸ್ಸಿನಲ್ಲಿ ಮಡಿಲ ಮೇಲೇ ಇಟ್ಟುಕೊಂಡು ಬಂದರಂತೆ.

ಭಾನುವಾರ ಹತ್ತು ಗಂಟೆಗೆ ಕಾಂಪೌಂಡಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ ಸಭೆ ಸೇರಿತು. ಅದಕ್ಕೂ ಮೊದಲೇ ಮಹಾದೇವಿ ಖೋಲಿ ಖಾಲಿ ಮಾಡಿದ್ದಳು. ಸ್ಟೋವು, ಪಾತ್ರೆ, ಹಾಸಿಗೆ, ಮಗಳ ಪುಸ್ತಕದ ಗಂಟು ಎಲ್ಲವನ್ನೂ ಟೆಂಪೋಕ್ಕೆ ಹೇರಿ, ಮಗಳನ್ನು ಕರೆದುಕೊಂಡು ಕುರ್ಲಾದ ಚಾಳಿನಲ್ಲಿರುವ ಅಣ್ಣನ ಮನೆಗೆ ಹೊರಟಿದ್ದಳು. "ಅವರು ಹೊರಗ ಹಾಕೂಕಿಂತ ಮೊದಲ ನಾವೇ ಹೋಗೂದು ಚಲೋ ಅಲ್ರಿ ಅಕ್ಕೋರೆ? ಮಂದಿ ನಿಂತು ನೋಡೂದು ಬ್ಯಾಡ," ಎಂದಳು. ಹೊರಡುವ ಮುಂಚೆ ಖೋಲಿಯನ್ನು ಗುಡಿಸಿ, ನೆಲ ಒರೆಸಿ ಹೋದಳು. ಸಾಯಬಣ್ಣ ಇಸ್ತ್ರಿ ಮಾಡಿದ ಯೂನಿಫಾರ್ಮಿನಲ್ಲಿ ಗೇಟಿನಲ್ಲಿ ನಿಂತಿದ್ದ. ಏನಾದರೂ ತಿಂದೆಯಾ ಎಂದು ಕೇಳಿದ್ದಕ್ಕೆ, "ಸಭಾ ಮುಗೀಲ್ರಿ," ಎಂದ.

ಅಲ್ತಮಶ ಮಶಿನ್ ಇಟ್ಟ. ಮೊದಲು ಕಾಂಪೌಂಡಿನ ಗಾಳಿ. ಎಪ್ಪತ್ತೆಂಟು. ತೊಗರಿ ಮೊಳಕೆಗಳಾಗಲಿ ಗೋಣಿಚೀಲವಾಗಲಿ ಏನೂ ಮಾಡಿರಲಿಲ್ಲ. ಧನರಾಜ್ ನನ್ನ ಕಡೆ ನೋಡಿ, ನೋಡಿದಿರಾ ಎನ್ನುವ ಹಾಗೆ ತಲೆಯಾಡಿಸಿದರು.

"ಇನ್ನು ನಿಜವಾದ ಗಾಳಿ ನೋಡಿ. ಗಂಗುಬಾಯಿ, ಬನ್ನಿ ಅಮ್ಮ."

ಗಂಗುಬಾಯಿಯ ತವರು ಅಕ್ಕಲಕೋಟೆಯ ಹತ್ತಿರದ ಹಳ್ಳಿ. ಬಾಟಲಿಯನ್ನು ಸೆರಗಿನಲ್ಲಿ ಹಿಡಿದು ತಂದರು. ಅಲ್ತಮಶ ಮುಚ್ಚಳದಲ್ಲಿ ಕೊಳವೆ ತೂರಿಸಿ, ಮಶಿನ್ ನೋಡಿದ.

"ನೈಟ್ರೋಜನ್ ಎಪ್ಪತ್ತೆಂಟರಿ," ಎಂದ.

ಯಾರೋ ಹಿಂದಿನಿಂದ ಕಿಸಕ್ಕೆಂದರು. ಗಂಗುಬಾಯಿಯ ಮುಖ ಕೆಂಪಾಯಿತು. "ನಮ್ಮ ಅವ್ವ ಇದ್ದಾಗ ಹಿಂಗಿರಲಿಲ್ಲಪ್ಪ," ಎಂದರು.

ಅಲ್ತಮಶ ಮತ್ತೊಮ್ಮೆ ಮಶಿನಿನ ಮೇಲೆ ಬಾಗಿದ. "ಆದ್ರ ಅಮ್ಮಾ, ಭಾಳ ಸಾಫ್ ನೈಟ್ರೋಜನ್ ಅದರಿ ಇದು. ಧೂಳ ಬಿಲ್ಕುಲ್ ಇಲ್ಲ. ಇಂಥಾ ಮಾಲು ಮುಂಬಯಿಯಾಗ ನಾ ನೋಡೇ ಇಲ್ಲ," ಎಂದ. ಗಂಗುಬಾಯಿ ಬಾಟಲಿಯ ಮುಚ್ಚಳ ತಿರುಗಿಸಿ ಬಿಗಿಮಾಡಿ, ತಲೆಯೆತ್ತಿ ತಮ್ಮ ಕುರ್ಚಿಗೆ ಹೋದರು.

ಆಮೇಲೆ ಯಾರೂ ಮುಂದೆ ಬರಲೊಲ್ಲರು. ಬಾಟಲಿಗಳೆಲ್ಲ ಕುರ್ಚಿಯ ಕೆಳಗೆ ಸರಿದವು. ನಿಂಬೆ ಎಲೆಯವರು ತಮ್ಮದು ದಾರಿಯಲ್ಲಿ ಸೋರಿಹೋಯಿತು ಎಂದರು. ತಮ್ಮೂರು ಕಲಬೆರಕೆಯ ಊರು ಎಂದು ನಾಲ್ಕು ಜನರೆದುರು ಕೇಳಿಸಿಕೊಳ್ಳುವ ಧೈರ್ಯ ಯಾರಿಗಿದೆ? ಉಳಿದದ್ದು ಮೈದಾ ಮೆತ್ತಿದ ಡಬ್ಬಿ ಒಂದೇ. ಚೇರ್ಮನ್ ಹಿಂದೆ ಸರಿಯುವಂತಿರಲಿಲ್ಲ. ಮಶಿನ್ ಎಪ್ಪತ್ತೆಂಟು ಎಂದಿತು. ಮತ್ತೆ ನೋಡು ಎಂದರು. ಎಪ್ಪತ್ತೆಂಟು. ಮೂರನೇ ಸಲ ತಾವೇ ಕನ್ನಡಕ ಹಾಕಿಕೊಂಡು ಬಾಗಿ ನೋಡಿದರು. ಆಮೇಲೆ ಕುರ್ಚಿಯಲ್ಲಿ ಕೂತು ಡಬ್ಬಿಯೊಳಗೆ ಇಣುಕಿದರು. ಅಷ್ಟು ವಯಸ್ಸಾದ ಮನುಷ್ಯನನ್ನು ಹಾಗೆ ನೋಡಲು ನನಗೂ ಕಷ್ಟವಾಯಿತು.

"ದೈವದ ಅಂಗಳದಲ್ಲಿಯೂ ಎಪ್ಪತ್ತೆಂಟಾ ಟೀಚರ್?"

"ಎಲ್ಲ ಕಡೆಯೂ ಅಷ್ಟೇ ಧನರಾಜ್ ಅವರೇ. ಯಾರೂ ಬೆರೆಸಿದ್ದಲ್ಲ."

ಆಗ ಸೆಕ್ರೆಟರಿ ಅನಿಲಕುಮಾರ ಎದ್ದು ನಿಂತರು. ಬೀದರಿನವರು, ಮುನಿಸಿಪಾಲಿಟಿಯ ವಾರ್ಡ್ ಆಫೀಸಿನಲ್ಲಿ ಮೂವತ್ತೊಂದು ವರ್ಷ ಅತಿಕ್ರಮಣದ ಫೈಲು ನೋಡಿ ನಿವೃತ್ತರಾದವರು. "ಮೇಡಂ, ಒಂದು ಕೇಳ್ತೀನ್ರಿ. ಈ ನೈಟ್ರೋಜನ್ ಇಲ್ಲಿ ಎಷ್ಟು ವರ್ಷದಿಂದ ಅದ?"

"ಮುನ್ನೂರು ಕೋಟಿ ವರ್ಷಕ್ಕೂ ಹಿಂದಿನಿಂದ."

"ದಾಖಲೆ?"

"ಕಲ್ಲಿನಲ್ಲಿ ಸಿಗುತ್ತದೆ. ಪುಸ್ತಕದಲ್ಲಿಯೂ ಇದೆ."

"ಹಂಗಾರ ಮುಗೀತು. ಸರಕಾರದ ಕಟ್-ಆಫ್ ತಾರೀಖಿನಕಿಂತ ಮೊದಲು ಬಂದವರನ್ನ ಎಬ್ಬಿಸಾಕ ಬರಂಗಿಲ್ಲ. ಜೋಪಡಿ ಇರಲಿ, ಗ್ಯಾಸ್ ಇರಲಿ, ಕಾಯದಾ ಒಂದೇ. ಇದನ್ನ ರೆಗ್ಯುಲರ್ ಮಾಡಬೇಕು." ಪೆನ್ನು ತೆಗೆದವರು ತಡೆದು, "ಮತ್ತ ಆಕ್ಸಿಜನ್? ಅದೂ ಆವಾಗಿಂದನೇ ಏನ್ರಿ?" ಎಂದರು.

ನಾನು ಸುಳ್ಳು ಹೇಳುವಂತಿರಲಿಲ್ಲ. "ಅದು ಸ್ವಲ್ಪ ತಡವಾಗಿ ಬಂತು. ಹಲವು ಕೋಟಿ ವರ್ಷ ಆದಮೇಲೆ."

"ಅಂದ್ರ ಒಳಗ ಹೊಕ್ಕವರು ಅವರು!"

"ಅದನ್ನು ಬಿಡಿ, ಅದನ್ನು ಮುಟ್ಟಬೇಡಿ ಮಾರಾಯ್ರೆ!" ಎಂದು ಧನರಾಜ್ ಡಬ್ಬಿ ಹಿಡಿದೇ ಎದ್ದರು. ಸಭೆಯಲ್ಲಿ ಅರ್ಧ ಜನ ಉಸಿರು ಬಿಗಿಹಿಡಿದದ್ದನ್ನು ನಾನು ನೋಡಿದೆ. ಆಕ್ಸಿಜನ್ನಿನ ವಿಷಯ ಮುಂದಿನ ವಾರ್ಷಿಕ ಸಭೆಗೆ ಮುಂದೂಡಲ್ಪಟ್ಟಿತು. ಆರ್ಗಾನು ಶೇಕಡಾ ಒಂದಕ್ಕಿಂತ ಕಡಿಮೆ ಇದ್ದುದರಿಂದ ಅದರ ಬಗ್ಗೆ ಯಾರೂ ಕೇಳಲಿಲ್ಲ.

"ಹಾಗಾದರೆ ಸಾಯಬಣ್ಣನ ನೋಟೀಸು?" ಎಂದೆ ನಾನು. ಎದ್ದು ನಿಂತಿದ್ದೆ. "ನೈಟ್ರೋಜನ್ ಇಲ್ಲಿಯ ನಿವಾಸಿ ಎಂದಮೇಲೆ ಅವನ ತಪ್ಪೇನು?"

ಎಲ್ಲರೂ ಚೇರ್ಮನ್ನರ ಕಡೆ ನೋಡಿದರು. ಅವರು ನೆಲ ನೋಡಿದರು. ನೋಟೀಸಿಗೆ ಸೊಸೈಟಿಯ ರಬ್ಬರು ಸಿಕ್ಕೆ ಬಿದ್ದಿದೆ. ಸಿಕ್ಕೆ ಬಿದ್ದ ಕಾಗದವನ್ನು ಹಿಂದಕ್ಕೆ ಪಡೆದ ಪದ್ಧತಿ ಸುಖನಿವಾಸದಲ್ಲಿ ಇಲ್ಲ. ಅನಿಲಕುಮಾರ ಸ್ವಲ್ಪ ಹೊತ್ತು ಪೆನ್ನಿನಿಂದ ಕಿವಿಯ ಹಿಂದೆ ಕೆರೆದುಕೊಂಡು, ಆಮೇಲೆ ಬರೆದದ್ದನ್ನು ಓದಿದರು. ನೋಟೀಸು ಊರ್ಜಿತದಲ್ಲಿರುತ್ತದೆ. ಆದರೆ ನೈಟ್ರೋಜನ್ ತಾನಾಗಿಯೇ ಸೊಸೈಟಿಯನ್ನು ಬಿಟ್ಟು ಹೋಗುವವರೆಗೆ ವಾಚ್‌ಮನ್‌ಗೆ ಗಡುವು ವಿಸ್ತರಿಸಲಾಗಿದೆ. ಅಲ್ಲಿಯವರೆಗೆ ಕೆಲಸ, ಖೋಲಿ ಯಥಾಪ್ರಕಾರ.

ಎಲ್ಲರೂ ಕೈಯೆತ್ತಿದರು. ಧನರಾಜ್ ಕೊನೆಯಲ್ಲಿ, ಭುಜದವರೆಗೆ ಮಾತ್ರ ಎತ್ತಿದರು.

ಸಾಯಬಣ್ಣನಿಗೆ ಗೇಟಿಗೆ ಹೋಗಿ ನಾನೇ ಹೇಳಿದೆ. ಎರಡು ಸಲ ಹೇಳಿಸಿಕೊಂಡ. ಆಮೇಲೆ ಯಾರೂ ಹತ್ತಿರವಿಲ್ಲವೆಂದು ನೋಡಿ, ತಗ್ಗಿದ ಧ್ವನಿಯಲ್ಲಿ, "ಅಕ್ಕೋರೆ, ಅದು ಹೋಗೂದಿಲ್ಲಲ್ರಿ? ಎಲ್ಲಿಗೂ?" ಎಂದು ಕೇಳಿದ.

"ಎಲ್ಲಿಗೂ ಹೋಗೂದಿಲ್ಲ ಸಾಯಬಣ್ಣ."

ಅವನು ಸ್ಟೂಲಿನ ಮೇಲೆ ಕೂತ. ಬೆಳಿಗ್ಗೆಯಿಂದ ಮೊದಲ ಸಲ ಕೂತದ್ದು. ಮಹಾದೇವಿಗೆ ಫೋನು ಮಾಡಿದ. ಅವಳ ಟೆಂಪೋ ಇನ್ನೂ ಕುರ್ಲಾದ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿತ್ತು. ಹಿಂದಿರುಗಿ ಬಂದು ಒಲೆ ಹಚ್ಚಬೇಕೆಂದರೆ ಸಂಜೆಯಾಗುತ್ತಿತ್ತು. ಗಂಟೆ ಒಂದಾಗಿತ್ತು. ಕುರ್ಚಿಗಳನ್ನು ಒಂದರೊಳಗೊಂದು ಇಟ್ಟು ಎಲ್ಲರೂ ಊಟಕ್ಕೆ ಹೋಗಿದ್ದರು. ನಾನೂ ಮನೆಗೆ ಬಂದು ಕುಕ್ಕರಿಗೆ ಒಂದು ಹಿಡಿ ಅಕ್ಕಿ ಹೆಚ್ಚಿಗೆ ಹಾಕುತ್ತಾ ಕಿಟಕಿಯಿಂದ ಹೊರಗೆ ನೋಡಿದೆ.

ಧನರಾಜ್ ಮೆಟ್ಟಿಲಿಳಿದು ಬರುತ್ತಿದ್ದರು. ಲುಂಗಿ, ಬನಿಯನ್ನು, ಕೈಯಲ್ಲಿ ಮೇಲೆ ಇನ್ನೊಂದು ತಟ್ಟೆ ಮುಚ್ಚಿದ ಊಟದ ತಟ್ಟೆ. ನಲವತ್ತು ವರ್ಷದ ಅಭ್ಯಾಸ, ಸಾರಿನ ಬಟ್ಟಲು ಅಲುಗದಂತೆ ಮೊಣಕೈ ಒಳಗೆ ಒತ್ತಿ ಹಿಡಿದಿದ್ದರು. ಗೇಟಿನಲ್ಲಿ ನಿಂತರು. ಸಾಯಬಣ್ಣ ಗಡಬಡಿಸಿ ಎದ್ದ. ಅವರು ತಟ್ಟೆಯನ್ನು ಅವನ ಎರಡೂ ಕೈಗೆ ಕೊಟ್ಟರು.